ಕತ್ತರಿ ಬಿತ್ತೆನ್ನುವ ಮುನ್ನ

ಶಂಕರ್‌ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರೀಕರಿಸಿದ ಟಿವಿ ಧಾರಾವಾಹಿ ‘ಮಾಲ್ಗುಡಿ ಡೇಸ್’ ಡಿಸ್ಕಿನಲ್ಲೂ ಬಂದಿದೆ. ಅಭಿಮಾನಿಗಳು ಇಂಥ ಹಳೆಯ ಧಾರಾವಾಹಿಯ ಡಿಸ್ಕು ಹಾಕಿದಾಗ, ಕಂತು ಬೇಗ ಮುಗಿಯಿತೆಂದು ವಾದಕ್ಕಿಳಿಯುವ ಮುನ್ನ ಒಮ್ಮೆ ಲೆಕ್ಕ ಹಾಕಲಿ.

ಸೆಕೆಂಡಿಗೆ 24 ಫ್ರೇಮಿನಂತೆ ಚಿತ್ರೀಕರಿಸಿದ ಫಿಲ್ಮನ್ನು ಪಾಲ್ ಎಂಬ ಟಿವಿ ಪದ್ಧತಿಯಲ್ಲಿ 25ರ ವೇಗದಲ್ಲಿ ಓಡಿಸುವುದುಂಟು. ಆಗ 25 ನಿಮಿಷದ ಕಂತು 24ಕ್ಕೇ ಮುಗಿಯುತ್ತದೆ. ಒಂದು ಮಾತೂ ಹೋಗಿರುವುದಿಲ್ಲ. ದನಿ ತುಸು ಏರಿರಬಹುದು, ಅಷ್ಟೆ.

ನಿಜವಾಗಿ ಕತ್ತರಿ ಬಿದ್ದಿದೆಯೇ ಎಂದು ಹುಡುಕಬೇಕಾದ್ದು ಶೀರ್ಷಿಕೆ, ಹಾಡು, ಹಿಂದಿನ ಕಂತಿನ ಸಾರಾಂಶಗಳಲ್ಲಿ. ಆರ್.ಕೆ. ಲಕ್ಷ್ಮಣ್ ಅವರ ಗೆರೆ, ಎಲ್. ವೈದ್ಯನಾಥನ್ ಅವರ ಸಂಗೀತ ಬಿಟ್ಟರೆ ಮಾಲ್ಗುಡಿ ಅರ್ಧವೇ ಉಳಿದೀತು!

ಅಂದಿನ ಪ್ರಸಾರವನ್ನು ಇಳಿಸಿಕೊಂಡ ಕ್ಯಾಸೆಟ್ ಮನೆಯಲ್ಲಿದ್ದರೆ ಎಸೆಯಬಾರದು. ಬೂಷ್ಟು ಹಿಡಿದಿದ್ದರೆ ವಿಸಿಆರ್‌ಗೆ ಹಾಕಲೂಬಾರದು. ಬಲ್ಲವರಿಂದ ಸ್ವಚ್ಛ ಮಾಡಿಸಿ, ಡಿಜಿಟಲ್ ಪ್ರತಿ ತೆಗೆಸಿ, ಆಮೇಲೆ ಡಿಸ್ಕಿನ ಜೊತೆ ದೃಶ್ಯಕ್ಕೆ ದೃಶ್ಯ ಹೋಲಿಸಲಿ.