ಪೆಟ್ರೋಲಿಗೆ ಸೇರುವ ಗೋವಿನಜೋಳ

ಬಮ್ಮಿಗಟ್ಟಿಯ ರೈತ ಬಾಂಧವರೇ,

ಭಾರತಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ಪರದೇಶಗಳಿಂದ ಬರುತ್ತದೆ. ಈ ಅವಲಂಬನೆ ತಗ್ಗಿಸಲು ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುತ್ತಾರೆ. 2025ರಲ್ಲಿ ಆ ಬೆರಕೆ ನೂರಕ್ಕೆ 20 ಮುಟ್ಟಿತು. ಕಬ್ಬಿನ ರಸ, ಅಕ್ಕಿ, ಗೋವಿನಜೋಳಗಳನ್ನು ಹುಳಿ ಬರಿಸಿ ಬಟ್ಟಿ ಇಳಿಸಿದರೆ ಎಥೆನಾಲ್ ಬರುತ್ತದೆ. ಒಂದು ಕ್ವಿಂಟಲ್ ಗೋವಿನಜೋಳದಿಂದ ಸುಮಾರು 38 ಲೀಟರ್ ದೊರೆಯುತ್ತದೆ.

ಹಾಗಾದರೆ ದರ ಏರಬೇಕಲ್ಲವೆ? 2025-26ಕ್ಕೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆದರೆ 2025ರ ಸುಗ್ಗಿಯಲ್ಲಿ ಪೇಟೆ ದರ ಅದಕ್ಕಿಂತ ಬಹಳ ಕೆಳಗಿಳಿಯಿತು. ಇಲ್ಲಿಯ ಕಾರ್ಖಾನೆಗಳಿಗೆ ಕೇಂದ್ರವು ಹಂಚಿದ ಎಥೆನಾಲ್ ಪಾಲು ಸಾಲದೆಂದು ರಾಜ್ಯ ಸರ್ಕಾರ ದೂರಿತು. ಕೇಂದ್ರ ಅದನ್ನು ಒಪ್ಪಲಿಲ್ಲ. ವಾದ ತೀರುವವರೆಗೆ ಕಣದ ರಾಶಿ ಕಾಯದು.

ಆದ್ದರಿಂದ ಮೂರು ಮಾತು ನೆನಪಿಡಿರಿ. ತೇವ ನೂರಕ್ಕೆ 14ಕ್ಕೆ ಇಳಿಯುವಂತೆ ಕಾಳು ಒಣಗಿಸಿರಿ. ಹಸಿ ಕಾಳನ್ನು ಖರೀದಿ ಕೇಂದ್ರದಲ್ಲಿ ಕೊಳ್ಳುವುದಿಲ್ಲ. ಕೇಂದ್ರ ತೆರೆದೊಡನೆ ಹೆಸರು ಬರೆಯಿಸಿರಿ. ಹೊಲವನ್ನೆಲ್ಲ ಗೋವಿನಜೋಳಕ್ಕೇ ಒಪ್ಪಿಸದೆ ಸೋಯಾ, ತೊಗರಿಗೂ ಪಾಲು ಕೊಡಿರಿ. ಇವು ಭೂಮಿಗೆ ಸಾರಜನಕ ಸೇರಿಸುತ್ತವೆ. ಪರದೇಶದ ಎಣ್ಣೆಯೊಂದನ್ನೇ ನಂಬಿ ದೇಶ ಪಡುವ ಪಾಡನ್ನು, ಒಂದೇ ಬೆಳೆಯನ್ನು ನಂಬಿ ನಾವು ಪಡುವುದು ಬೇಡ.

— ಗ್ರಾಮಸೇವಕ