ಮಕ್ಕಳಿರುವ ಮನೆ, ಅಂಗಳದ ತಿಪ್ಪೆ ಮತ್ತು ನೊಣ

ಮುಂಗಾರಿನ ಎರಡು ಹದಮಳೆ ಬಿದ್ದು ಹತ್ತು ದಿನ ಕಳೆಯಿತೆಂದರೆ ಕೊಪ್ಪಳ ಜಿಲ್ಲೆಯ ತಳಕಲ್ ಸುತ್ತಿನ ಹಳ್ಳಿಮನೆಗಳಲ್ಲಿ ಒಂದೇ ದೂರು. ರೊಟ್ಟಿ ಬುಟ್ಟಿಯ ಅರಿವೆ ಸರಿಸುವ ಹಾಗಿಲ್ಲ; ತೊಟ್ಟಿಲ ಕೂಸಿನ ತುಟಿ, ಕಣ್ಣಂಚು ಬಿಟ್ಟು ನೊಣ ಏಳುವುದಿಲ್ಲ. ಮನೆಯ ಹಿರಿಯರು 'ದನ ಇದ್ದ ಮನ್ಯಾಗ ನೊಣ ಇರೂದ' ಎಂದು ಸುಮ್ಮನಾಗುತ್ತಾರೆ. ಹೊಸದಾಗಿ ತಂದೆತಾಯಿ ಆದವರು ಗಾಬರಿಬಿದ್ದು, ಹತ್ತಿಗೆ, ಮೆಣಸಿನಕಾಯಿಗೆ ಹೊಡೆದು ಉಳಿದ ಕೀಟನಾಶಕದ ಎಣ್ಣೆಯನ್ನೇ ಪಡಸಾಲೆಯ ಮೂಲೆಮೂಲೆಗೆ ಹೊಡೆಯುತ್ತಾರೆ. ಎರಡೂ ಬೇಡ. ಎರಡರಲ್ಲಿ ಒಂದನ್ನು ಆರಿಸಲೇಬೇಕು ಎಂದರೆ ಹಿರಿಯರ ಮಾತೇ ಮೇಲು, ಅದರಿಂದ ಮಗುವಿಗೆ ವಿಷವಾದರೂ ತಗಲುವುದಿಲ್ಲ.

ಮಳೆಯಾಗಿ ಹತ್ತು ದಿನ ಎಂದದ್ದು ಬಾಯಿಮಾತಿಗಲ್ಲ. ಮನೆನೊಣ ಒಂದು ಸಲಕ್ಕೆ 75ರಿಂದ 150 ಮೊಟ್ಟೆ ಇಡುತ್ತದೆ, ಬದುಕಿರುವಷ್ಟರಲ್ಲಿ ಹಾಗೆ ನಾಲ್ಕೈದು ಸಲ. ಹಸಿ ಹೆಂಡಿಯ ಬಿರುಕಿನಲ್ಲಿ ಇಟ್ಟ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಬಿಳಿ ಹುಳು ನಾಲ್ಕರಿಂದ ಏಳು ದಿನ ಅಲ್ಲೇ ತಿಂದು ಬೆಳೆದು, ನಂತರ ತೇವ ಬಿಟ್ಟು ಪಕ್ಕದ ಒಣ ಮಣ್ಣಿಗೆ ಸರಿಯುತ್ತದೆ. ಅಲ್ಲಿ ಗೋಧಿಕಾಳಿನಂಥ ಕಂದು ಕೋಶದೊಳಗೆ ಕೂತು ಮತ್ತೆ ನಾಲ್ಕೈದು ದಿನಕ್ಕೆ ರೆಕ್ಕೆ ಹೊತ್ತು ಹೊರಡುತ್ತದೆ. ಕೊಪ್ಪಳದಂಥ ಸೆಕೆಯ ನಾಡಿನಲ್ಲಿ ಮೊಟ್ಟೆಯಿಂದ ನೊಣದವರೆಗಿನ ಈ ಪಯಣ 7ರಿಂದ 10 ದಿನಕ್ಕೆ ಮುಗಿಯುವುದುಂಟು. ಚಳಿಗಾಲದಲ್ಲಿ ಮಾತ್ರ ವಾರಗಟ್ಟಲೆ ಹಿಡಿಯುತ್ತದೆ. ಅಂದರೆ ಇವತ್ತು ನಿಮ್ಮ ತಾಟಿನ ಮೇಲೆ ಕೂತದ್ದು ಹೋದ ವಾರದ ಹೆಂಡಿಯಲ್ಲಿ ಹುಟ್ಟಿದ್ದು. ನೀವು ಬಟ್ಟೆ ಬೀಸಿ ಹತ್ತನ್ನು ಹೊಡೆಯುವಷ್ಟರಲ್ಲಿ ಅಂಗಳದಲ್ಲಿ ನೂರು ಬೆಳೆಯುತ್ತಿರುತ್ತವೆ. ಹಾಗಾಗಿ ಪೋಷಕರು ಕಣ್ಣಿಡಬೇಕಾದದ್ದು ಹಾರುವ ನೊಣದ ಮೇಲಲ್ಲ, ವಾರದ ಲೆಕ್ಕದ ಮೇಲೆ. ಒಂದೇ ಜಾಗದಲ್ಲಿ ಹಸಿ ಹೆಂಡಿ ಏಳು ದಿನ ಕೂರದಂತೆ ನೋಡಿಕೊಂಡರೆ ಹೊಸ ನೊಣ ಹುಟ್ಟುವುದೇ ಕಡಿಮೆಯಾಗುತ್ತದೆ.

ನಮ್ಮ ಕಡೆಯ ಹಳೆಯ ಮಾಳಿಗೆ ಮನೆ ಕಟ್ಟಿದ ರೀತಿಯೂ ಇಲ್ಲಿ ಮುಖ್ಯ. ತಲಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಅಂಕಣ, ಅದಕ್ಕಿಂತ ಎರಡು ಮೆಟ್ಟಿಲು ಮೇಲೆ ಪಡಸಾಲೆ, ಒಳಗೆ ಅಡುಗೆಮನೆ. ಕಳ್ಳರ ಕಾಲದಲ್ಲಿ, ಬರದ ಕಾಲದಲ್ಲಿ ಎತ್ತು ಕಣ್ಣೆದುರಿಗೇ ಇರಬೇಕಿತ್ತು, ಅದಕ್ಕೆ ತಕ್ಕ ಮನೆ ಅದು. ಬೈಯುವಂಥದ್ದೇನೂ ಇಲ್ಲ. ಆದರೆ ಅಂಬೆಗಾಲಿಡುವ ಮಗು ಮತ್ತು ಗೋದಲಿಯ ನಡುವೆ ಎರಡೇ ಮೆಟ್ಟಿಲಿರುವ ಮನೆಯಲ್ಲಿ ಹೆಂಡಿ ಬಳಿಯುವ ಕೆಲಸಕ್ಕೆ ರಜೆ ಇರಕೂಡದು. ಸಾಧ್ಯವಿದ್ದವರು ಕೂಸು ಹುಟ್ಟಿದ ಮೊದಲ ಎರಡು ವರ್ಷವಾದರೂ ದನಗಳನ್ನು ಹಿತ್ತಲಿನ ತಗಡಿನ ಚಪ್ಪರಕ್ಕೆ ಸಾಗಿಸಿದರೆ ಒಳ್ಳೆಯದು.

ಮೊದಲು ಹುಟ್ಟುವ ಜಾಗ ಹುಡುಕಿ. ಕೈಯಲ್ಲಿ ಒಂದು ಕೋಲು ಸಾಕು. ತಿಪ್ಪೆಯ ನೆತ್ತಿಯಲ್ಲಿ ಹುಡುಕಬೇಡಿ, ಅದು ಬಿಸಿಲಿಗೆ ಒಣಗಿರುತ್ತದೆ. ನಟ್ಟನಡುವೆಯೂ ಬೇಡ, ಅಲ್ಲಿ ಕೊಳೆಯುವ ಕಾವಿಗೆ ಹುಳು ಬದುಕುವುದಿಲ್ಲ. ಅಂಚುಗಳಲ್ಲಿ, ಮೇಲಿನ ಹೊರಪದರದ ಎರಡು ಬೆರಳು ಕೆಳಗೆ ಕೆದರಿ. ಹುಳು ಇದ್ದರೆ ಅಲ್ಲೇ ಇರುತ್ತವೆ. ಸುತ್ತಲಿನ ಒಣ ಮಣ್ಣಿನಲ್ಲಿ ಕಂದು ಕಾಳುಗಳು ಸಿಕ್ಕರೆ ಇನ್ನು ಮೂರು-ನಾಲ್ಕು ದಿನದಲ್ಲಿ ಹೊಸ ಹಿಂಡು ಬರುತ್ತದೆ ಎಂದು ಅರ್ಥ. ಜವಾರಿ ಕೋಳಿಗಳು ತಿಪ್ಪೆಯ ಸುತ್ತ ಕೆದರುವುದು ಇದಕ್ಕೇ, ಅವನ್ನು ಓಡಿಸಬೇಡಿ. ತಿಪ್ಪೆ ಸ್ವಚ್ಛವಾಗಿದ್ದರೆ ಗೋದಲಿಯ ತಳದಲ್ಲಿ ಉಚ್ಚೆಗೆ ನೆನೆದ ಕಣಕಿ, ದನಕ್ಕೆಂದು ಮುಸುರೆ ಕೂಡಿಡುವ ಬಾನಿಯ ತಳ, ಮಾವಿನ ಸಿಪ್ಪೆ ಎಸೆಯುವ ಮೂಲೆ ನೋಡಿ.

ನೊಣವೂ ತನ್ನ ಊರು ಯಾವುದೆಂದು ತಾನೇ ಹೇಳುತ್ತದೆ. ಬೂದು ಬಣ್ಣದ, ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆಯ ಸಾಮಾನ್ಯ ನೊಣವಾದರೆ ಹೆಂಡಿ ಇಲ್ಲವೆ ಮುಸುರೆ. ಹಸಿರು, ನೀಲಿ ಹೊಳಪಿನ ದಪ್ಪ ನೊಣ ಇದ್ದಕ್ಕಿದ್ದಂತೆ ಬಂದರೆ ಎಲ್ಲೋ ಇಲಿ ಸತ್ತಿದೆ. ಅಟ್ಟದ ಮೇಲೆ, ಚೀಲಗಳ ಹಿಂದೆ ಹುಡುಕಿ. ನೋಡಲು ಮನೆನೊಣದ ಹಾಗೆಯೇ ಇದ್ದು ದನದ ಕಾಲನ್ನೂ ನಿಮ್ಮ ಮೀನಖಂಡವನ್ನೂ ಕಚ್ಚಿ ರಕ್ತ ಹೀರಿದರೆ ಅದು ಲಾಯದ ನೊಣ, ಒದ್ದೆ ಮೇವಿನಲ್ಲಿ ಹುಟ್ಟುತ್ತದೆ. 2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗವನ್ನು ಹೊತ್ತು ತಿರುಗುವ ಕೀಟಗಳಲ್ಲಿ ಇಂಥ ಕಚ್ಚುವ ನೊಣಗಳೂ ಸೇರಿವೆ. ಕೊಟ್ಟಿಗೆ ಒಣಗಿಸುವುದರಿಂದ ಮಗುವಿಗಷ್ಟೇ ಅಲ್ಲ, ಎತ್ತಿಗೂ ಲಾಭ.

ಈಗ ಹೆಂಡಿಯ ವಿಚಾರ. ಒಣಗಿಸಬೇಕು ಅಥವಾ ಗಾಳಿಯಾಡದಂತೆ ಮುಚ್ಚಬೇಕು. ನಡುವಿನ ಸ್ಥಿತಿಯೇ ನೊಣಕ್ಕೆ ಬೇಕಾದದ್ದು. ಬೇಸಿಗೆಯಲ್ಲಿ ಕುಳ್ಳು ತಟ್ಟುವ ಮನೆಗಳಲ್ಲಿ ನೊಣ ಕಡಿಮೆ ಇರುವುದನ್ನು ಗಮನಿಸಿ. ತೆಳ್ಳಗೆ ಬಡಿದ ಹೆಂಡಿ ಎರಡು ದಿನದಲ್ಲಿ ಒಣಗುತ್ತದೆ, ಮೊಟ್ಟೆ ಇಟ್ಟಿದ್ದರೂ ಹುಳು ಬೆಳೆಯುವುದಿಲ್ಲ. ಮಳೆಗಾಲದಲ್ಲಿ ಈ ದಾರಿ ಮುಚ್ಚಿರುತ್ತದೆ. ಆಗ ತಿಪ್ಪೆಯನ್ನು ಬಿಗಿಯಾಗಿ ತುಳಿದು, ಕಾಳು ರಾಶಿಗೆ ಬಳಸಿ ಹಳತಾದ ತಾಡಪತ್ರಿ ಹೊದಿಸಿ, ನಾಲ್ಕೂ ಅಂಚಿಗೆ ಮಣ್ಣು ಒತ್ತಬೇಕು. ಒಳಗಿನ ಕಾವು ಹೊರಪದರಕ್ಕೂ ಏರಿ ಹುಳು ಸಾಯುತ್ತವೆ. ತಾಡಪತ್ರಿ ಇಲ್ಲವೆಂದರೆ ಮಣ್ಣೇ ಸಾಕು. 1930ರ ದಶಕದ ಕೊನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ಗೊಬ್ಬರದ ವಿಧಾನ ಇವತ್ತಿಗೂ 'ಬೆಂಗಳೂರು ಪದ್ಧತಿ' ಎಂದೇ ಹೆಸರಾಗಿದೆ: ಗುಂಡಿಯಲ್ಲಿ ಕಸ, ಸಗಣಿ ಪದರಪದರವಾಗಿ ತುಂಬಿ ಮೇಲೆ ಕೆಸರು ಮೆತ್ತಿ ತಿಂಗಳುಗಟ್ಟಲೆ ಬಿಡುವುದು. ಸಾರಜನಕ ಹಾರಿಹೋಗುವುದಿಲ್ಲ, ವಾಸನೆ ಇಲ್ಲ, ನೊಣಕ್ಕೆ ದಾರಿಯಿಲ್ಲ. ಹೊಲಕ್ಕೆ ಬೀಳುವ ಗೊಬ್ಬರವೂ ಕಸುವುಳ್ಳದ್ದು. ಅಂಗಳದ ತಿಪ್ಪೆಯನ್ನು ಮುಚ್ಚಲು ಒಪ್ಪದ ಮಾವನವರಿಗೆ ಮೊಮ್ಮಗನ ಭೇದಿಗಿಂತ ಈ ಕೊನೆಯ ಮಾತೇ ಬೇಗ ಒಪ್ಪಿಗೆಯಾದೀತು!

ತಿಪ್ಪೆಯ ಕೆಲಸಕ್ಕೆ ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗ ಇಡದ ಮನೆಗಳು ನಮ್ಮ ಕಡೆ ಇನ್ನೂ ಇವೆ. ಆ ದಿನ ಗಂಡಸರ ಕೈ ಬಿಡುವಾಗಿರುತ್ತದೆ. ದಿನವೂ ಹೆಂಡಿ ಬಳಿಯುವುದು ಹೆಂಗಸರ ಪಾಲಿಗೆ ಬಂದಿದ್ದರೆ ವಾರದ ತಿಪ್ಪೆ ಕೆಲಸವಾದರೂ ಗಂಡಸರದಾಗಲಿ. ಗೋಬರ್ ಗ್ಯಾಸ್ ಇರುವವರಿಗೆ ಈ ಗೋಜೇ ಇಲ್ಲ, ಹೆಂಡಿ ದಿನದಿನವೂ ಗುಂಡಿ ಸೇರುತ್ತದೆ.

ಬಚ್ಚಲ ನೀರಿನದು ಬೇರೆ ತೊಂದರೆ, ಅದು ನಿಂತರೆ ಅಂಗಳ ಒಣಗುವುದೇ ಇಲ್ಲ. ಉದ್ಯೋಗ ಖಾತರಿ ಯೋಜನೆಯಲ್ಲಿ ಅನೇಕ ಮನೆಗಳು ಬಚ್ಚಲು ಗುಂಡಿ ಮಾಡಿಸಿಕೊಂಡಿವೆ. ಈಗ ಯಾವ ನೆರವು ಸಿಗುತ್ತದೆ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಎರೆಭೂಮಿಯಲ್ಲಿ ನೀರು ನಿಧಾನ ಇಂಗುತ್ತದೆ. ಕೆಂಪು ಮಣ್ಣಿನ ಊರಲ್ಲಿ ನೋಡಿಬಂದ ಅಳತೆಯನ್ನೇ ಇಲ್ಲಿ ತೋಡಿದರೆ ಗುಂಡಿ ತುಂಬಿ ಹರಿಯುತ್ತದೆ, ಆದ್ದರಿಂದ ಅಗಲ ಹೆಚ್ಚು ಬೇಕು.

ಪೋಷಕರು ಹೆಚ್ಚಾಗಿ ಮರೆಯುವ ಒಂದು ಜಾಗವಿದೆ. ಕೂಸಿನ ಹೇಲು ನಿರುಪದ್ರವಿ ಎಂಬ ನಂಬಿಕೆಯಿಂದ ಅದನ್ನು ಗಟಾರದ ಪಕ್ಕಕ್ಕೋ ಬೇಲಿಯಾಚೆಗೋ ಚೆಲ್ಲುತ್ತೇವೆ. ವಾಸ್ತವದಲ್ಲಿ ಭೇದಿಯ ರೋಗಾಣು ಚಿಕ್ಕ ಮಕ್ಕಳ ಮಲದಲ್ಲೇ ಹೆಚ್ಚಿರಬಹುದು. ನೊಣ ಗಟ್ಟಿ ಪದಾರ್ಥ ತಿನ್ನಲಾರದು. ಕೂತಲ್ಲಿ ಜೊಲ್ಲು ಕಕ್ಕಿ, ಕರಗಿಸಿ ಹೀರುತ್ತದೆ. ಗಟಾರದಿಂದ ಎದ್ದು ಅದು ಅನ್ನದ ಮೇಲೆ ಮಾಡುವುದೂ ಇದನ್ನೇ. ಮಗುವಿನ ಮಲವನ್ನು ಶೌಚಾಲಯಕ್ಕೆ ಹಾಕಿ ನೀರು ಸುರಿಯಿರಿ, ಕೈಗೆ ಸೋಪು ಹಚ್ಚಿ ತೊಳೆಯಿರಿ. ಹಾಗೆಯೇ ಶೌಚಗುಂಡಿಯ ಗ್ಯಾಸ್ ಪೈಪಿನ ಬಾಯಿಗೆ ನೈಲಾನ್ ಜಾಲರಿ ಬಿಗಿದು ಕಟ್ಟಿ. ಕಬ್ಬಿಣದ ಜಾಲರಿ ಬೇಡ, ತುಕ್ಕು ಹಿಡಿದು ಉದುರುತ್ತದೆ.

ತಿಪ್ಪೆ ಮುಚ್ಚಿದ ಮರುದಿನವೇ ನೊಣ ಮಾಯವಾಗುವುದಿಲ್ಲ. ಈಗಾಗಲೇ ಹಾರುತ್ತಿರುವವು ಎರಡು-ಮೂರು ವಾರ ಬದುಕುತ್ತವೆ, ಕೋಶದಲ್ಲಿರುವವು ಹೊರಬರುತ್ತವೆ. ಅಷ್ಟು ದಿನ ಮಗುವನ್ನು ಕಾಯಬೇಕು. ತೊಟ್ಟಿಲಿಗೆ ಹಗಲಲ್ಲೂ ಸೊಳ್ಳೆಪರದೆ ಹಾಕಿ. ಊಟಕ್ಕೆ ಕೂತಾಗ ಫ್ಯಾನ್ ತಿರುಗಲಿ. ಬೀಸುಗಾಳಿಗೆ ನೊಣ ನೆಲೆ ನಿಲ್ಲಲಾರದು. ಮಗುವಿನ ಮುಖ, ಮೂಗಿನ ಸಿಂಬಳ, ಕಣ್ಣ ಪಿಸುರು ಆಗಾಗ ಒರೆಸಿ. ಕಣ್ಣಿನ ಟ್ರಕೋಮ ರೋಗ ಹರಡುವಲ್ಲಿ ಕಣ್ಣಿಗೆ ಮುತ್ತುವ ನೊಣಗಳ ಪಾಲಿತ್ತು. ಅದು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಭಾರತದಲ್ಲಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಘೋಷಿಸಿದೆ, ಆದರೆ ಸಾಮಾನ್ಯ ಕಣ್ಣುಬೇನೆ ಈಗಲೂ ಇದೆ. ಬಾಣಂತಿ ಮನೆಯಲ್ಲಿ ಕೂಸಿನ ಹೊಕ್ಕುಳಿಗೆ ಬೂದಿ, ಎಣ್ಣೆ ಹಚ್ಚದೆ ಒಣಗಿರಲು ಬಿಡಿ.

ಬೆಲ್ಲದ ನೀರು, ಕೊಳೆತ ಮಾವಿನ ಸಿಪ್ಪೆ ಹಾಕಿದ ಬಾಟಲಿ ಬಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ: ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ಕೂರಿಸಿದರಾಯಿತು. ಅದನ್ನು ತೂಗುಹಾಕಬೇಕಾದದ್ದು ತಿಪ್ಪೆಯ ಬದಿಯಲ್ಲಿ. ಅಡುಗೆಮನೆಯೊಳಗೆ ಕಟ್ಟಿದರೆ ಹೊರಗಿನ ನೊಣವನ್ನೂ ಕರೆದಂತೆ. ಖಾನಾವಳಿಗಳಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿರುವುದನ್ನು ನೋಡಿರುತ್ತೀರಿ. ಅದರಿಂದ ಏನೂ ಆಗದು. ಬೇವಿನ ಸೊಪ್ಪಿನ ಹೊಗೆಗೆ ನೊಣ ಏಳುತ್ತದೆ ನಿಜ, ಮಗುವಿನ ಎದೆಗೂ ಅದೇ ಹೊಗೆ ಇಳಿಯುತ್ತದೆ.

ವಿಷದ ಬಗ್ಗೆ ಮಾತ್ರ ನಾನು ಮೃದುವಾಗಿ ಹೇಳಲಾರೆ. ಬೆಳೆಗೆ ಹೊಡೆಯುವ ಎಣ್ಣೆ ಮನೆಯೊಳಗೆ ಬರಕೂಡದು, ಅದರ ಖಾಲಿ ಡಬ್ಬಿಯೂ ಬರಕೂಡದು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್, ನಮ್ಮ ರೈತರಿಗೆಲ್ಲ ಗೊತ್ತಿರುವ ಕೀಟನಾಶಕ. ನೊಣಕ್ಕೆಂದು ಮಾರುವ ಹರಳು ಮದ್ದಿನಲ್ಲಿ ಸಿಹಿ ಬೆರೆಸಿರುತ್ತಾರೆ, ತೆವಳುವ ಮಗುವಿಗೂ ಸಿಹಿ ಸಿಹಿಯೇ. ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಂಡರೂ ಫಲ ಬಾಳಿಕೆಯದಲ್ಲ. ಡಿಡಿಟಿಗೆ ಬಗ್ಗದ ಮನೆನೊಣ 1940ರ ದಶಕದಲ್ಲೇ ಸ್ವೀಡನ್‌ನಲ್ಲಿ ಕಾಣಿಸಿತ್ತು. ಹತ್ತು ದಿನಕ್ಕೊಂದು ತಲೆಮಾರು ಕಾಣುವ ಜೀವಿಗೆ ವಿಷಕ್ಕೆ ಒಗ್ಗಿಕೊಳ್ಳಲು ಹೆಚ್ಚು ವರ್ಷ ಬೇಡ.

ನೊಣ ಎಷ್ಟರಮಟ್ಟಿಗೆ ಕಾಯಿಲೆ ತರುತ್ತದೆ? 1990ರ ದಶಕದಲ್ಲಿ ಪಾಕಿಸ್ತಾನದ ಹಳ್ಳಿಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ನೊಣದ ಹಂಗಾಮಿನಲ್ಲಿ ನೊಣ ಹತೋಟಿಗೆ ತಂದಾಗ ಮಕ್ಕಳ ಭೇದಿ ಶೇ 23ರಷ್ಟು ತಗ್ಗಿತು. ಹೆಚ್ಚುಕಡಿಮೆ ಕಾಲು ಭಾಗ. ಇದು ಸಣ್ಣದಲ್ಲ, ಉಳಿದ ಮುಕ್ಕಾಲು ಪಾಲಿಗೆ ನೊಣವನ್ನು ಬೈದು ಪ್ರಯೋಜನವೂ ಇಲ್ಲ. 2023ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಬಿಜಕಲ್, ಕನಕಗಿರಿ ತಾಲ್ಲೂಕಿನ ಬಸರಿಹಾಳದಲ್ಲಿ ವಾಂತಿಭೇದಿಗೆ ಜೀವಗಳು ಹೋದಾಗ ಎಲ್ಲರ ಬೆರಳು ಹೋದದ್ದು ಕುಡಿಯುವ ನೀರಿನ ಕಡೆಗೆ. ಮಗುವಿಗೆ ಭೇದಿ ಶುರುವಾದರೆ ಕಾರಣ ಹುಡುಕುತ್ತ ಕೂರಬೇಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಬೆರೆಸಿ, ಚಮಚದಲ್ಲಿ ಪದೇಪದೇ ಕುಡಿಸಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಆಶಾ ಕಾರ್ಯಕರ್ತೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಗಿಸಿ. ಮಲದಲ್ಲಿ ರಕ್ತ, ಕುಳಿಬಿದ್ದ ಕಣ್ಣು, ಕುಡಿದದ್ದೆಲ್ಲ ವಾಂತಿ, ಉಚ್ಚೆ ನಿಂತಿರುವುದು, ಎಬ್ಬಿಸಿದರೂ ಏಳದ ಮಂಪರು ಕಂಡರೆ ಮನೆಮದ್ದು ಬೇಡ. ಕುಕನೂರಿಗೋ ಕೊಪ್ಪಳಕ್ಕೋ, ಬೇಗ ಸಿಗುವ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಿರಿ.

ಇಷ್ಟೆಲ್ಲ ಮಾಡಿ ಮೂರು ವಾರವಾದರೂ ನೊಣ ತಗ್ಗದಿದ್ದರೆ ಮೂಲ ನಿಮ್ಮ ಮನೆಯಲ್ಲಿಲ್ಲ. ನೊಣಕ್ಕೆ ಒಂದೆರಡು ಕಿಲೋಮೀಟರ್ ದೂರವೇ ಅಲ್ಲ. ಬಿತ್ತನೆಗೆ ಮುಂಚೆ ಹೊಲದ ಬದುವಿನಲ್ಲಿ ಟ್ರ್ಯಾಕ್ಟರ್‌ಗಟ್ಟಲೆ ಸುರಿದ ಹಸಿ ಕೋಳಿಗೊಬ್ಬರ, ಊರ ಹತ್ತಿರದ ಕೋಳಿ ಫಾರಂ, ಓಣಿಯ ಕೊನೆಯ ಯಾರದೋ ಕೈಬಿಟ್ಟ ತಿಪ್ಪೆ ನೋಡಿ. ಹೊಲದ ಧಣಿ ಪರಿಚಯದವರೇ ಆಗಿರುತ್ತಾರೆ. ಗೊಬ್ಬರವನ್ನು ತಂದ ವಾರದೊಳಗೆ ಹರಗಿ ಮಣ್ಣಿಗೆ ಸೇರಿಸಲು, ಇಲ್ಲವೇ ತಾಡಪತ್ರಿ ಹೊದಿಸಲು ಕೇಳಿ. ಜಗಳಕ್ಕಿಂತ ಇದು ಬೇಗ ಮುಗಿಯುವ ಮಾತು. ಫಾರಂ ಆದರೆ ಒಬ್ಬರೇ ಹೋಗಬೇಡಿ. ಓಣಿಯವರೆಲ್ಲ ಸಹಿ ಹಾಕಿದ ಅರ್ಜಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. 'ನೊಣದ ಕಾಟ' ಎಂದಷ್ಟೇ ಬರೆಯದೆ, ಗೊಬ್ಬರ ಎಲ್ಲಿ ಬಿದ್ದಿದೆ, ಎಷ್ಟು ದಿನದಿಂದ, ಅಂಗನವಾಡಿ ಎಷ್ಟು ದೂರ, ಓಣಿಯಲ್ಲಿ ಎಷ್ಟು ಮಕ್ಕಳಿಗೆ ಭೇದಿಯಾಗಿದೆ ಎಂಬುದನ್ನು ಬರೆದು, ಕೆದರಿದ ಗೊಬ್ಬರದಲ್ಲಿ ಹುಳು ಕಾಣುವ ಫೋಟೊ ಲಗತ್ತಿಸಿ. ಅದರದೇ ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಹೋಗಲಿ.