ಕರಾವಳಿ ನಗರಗಳ ಸೂಕ್ಷ್ಮ ಧೂಳು: ಅದರಲ್ಲಿ ಏನೇನಿದೆ?

ಅಮೋನಿಯಂ ಸಲ್ಫೇಟ್ ರೈತ ಬಾಂಧವರಿಗೆ ಹೊಸ ಹೆಸರಲ್ಲ. ಗದ್ದೆಗೆ ಹಾಕುವ ಹರಳಿನಂತಹ ಗೊಬ್ಬರವದು. ಚಳಿಗಾಲದಲ್ಲಿ ಮುಂಬಯಿ, ಮಂಗಳೂರಿನಂತಹ ಕರಾವಳಿ ನಗರಗಳ ಮೇಲೆ ಕವಿಯುವ ಮಬ್ಬಿನಲ್ಲಿಯೂ ಇದೇ ಲವಣ ಇರುತ್ತದೆಂದರೆ ಆಶ್ಚರ್ಯವಾಗಬಹುದು. ಅದು ಗೊಬ್ಬರದ ಚೀಲದಿಂದ ಹಾರಿದ್ದಲ್ಲ; ಗಾಳಿಯಲ್ಲಿಯೇ ತಯಾರಾದದ್ದು.

ಇಲ್ಲಿ ಹೇಳಹೊರಟಿರುವುದು ರಸ್ತೆಯ ಧೂಳಿನ ವಿಷಯವಲ್ಲ, 2.5 ಮೈಕ್ರಾನಿಗಿಂತ ಸಣ್ಣ ಕಣಗಳ ವಿಷಯ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಈ ಕಣಗಳು ಶ್ವಾಸಕೋಶದ ತಳದವರೆಗೂ ಇಳಿದು ಉಬ್ಬಸ, ಹೃದ್ರೋಗಗಳನ್ನು ಹೆಚ್ಚಿಸುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶ 2009ರಲ್ಲಿ ಗೊತ್ತುಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5.

ಸಮುದ್ರದ ಬದಿಯ ಧೂಳೆಲ್ಲ ಉಪ್ಪೇ ಇರಬೇಕೆಂದು ಹಲವರ ಎಣಿಕೆ. ಆದರೆ ಅಲೆ ಒಡೆದು ಹಾರುವ ಉಪ್ಪಿನ ಕಣಗಳು ತೂಕದಲ್ಲಿ ಬಹುಪಾಲು ದಪ್ಪನೆಯವು. 1999ರ ಜನವರಿಯಿಂದ ಮಾರ್ಚ್‌ವರೆಗೆ ಹಲವು ದೇಶಗಳ ವಿಜ್ಞಾನಿಗಳು ‘ಇಂಡೋಎಕ್ಸ್’ ಅಧ್ಯಯನ ನಡೆಸಿ, ನಮ್ಮ ಉಪಖಂಡದಿಂದ ಬೀಸಿ ಬಂದ ಗಾಳಿಯನ್ನು ಮಾಲ್ಡೀವ್ಸ್ ದ್ವೀಪವೊಂದರಲ್ಲಿ ಪರೀಕ್ಷಿಸಿದರು. ಅದರ ಸೂಕ್ಷ್ಮ ಕಣಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸಲ್ಫೇಟ್, ಕಾಲು ಪಾಲು ಸಾವಯವ ವಸ್ತು. ಮಿಕ್ಕದ್ದರಲ್ಲಿ ಮಸಿ, ಮಣ್ಣು, ಅಮೋನಿಯಂ ಮುಖ್ಯ. ಸುತ್ತಲೂ ಸಮುದ್ರವಿದ್ದರೂ ಉಪ್ಪು ಅತ್ಯಲ್ಪ!

ಈ ಸಲ್ಫೇಟ್ ಹುಟ್ಟುವ ಬಗೆ ಹೀಗೆ. ಕಲ್ಲಿದ್ದಲು, ಹಡಗಿನ ಮಂದ ಎಣ್ಣೆ ಉರಿದಾಗ ಗಂಧಕದ ಡೈಆಕ್ಸೈಡ್ ಹೊರಬಿದ್ದು, ಗಾಳಿಯಲ್ಲಿ ಗಂಧಕಾಮ್ಲವಾಗುತ್ತದೆ. ವಾಹನಗಳ ಹೊಗೆಯಿಂದ ನೈಟ್ರಿಕ್ ಆಮ್ಲ ಉಂಟಾಗುತ್ತದೆ. ಅಮೋನಿಯಾ ಸಿಕ್ಕಿದರೆ ಎರಡೂ ಅದನ್ನು ಹಿಡಿದುಕೊಂಡು ಲವಣದ ಕಣಗಳಾಗುತ್ತವೆ. ಮೊದಲ ಪಂಕ್ತಿ ಗಂಧಕಾಮ್ಲಕ್ಕೆ, ಉಳಿದರೆ ನೈಟ್ರಿಕ್ ಆಮ್ಲಕ್ಕೆ. ಅಮೋನಿಯಂ ನೈಟ್ರೇಟ್ ಸೆಕೆಯಲ್ಲಿ ನಿಲ್ಲದೆ ಮತ್ತೆ ಅನಿಲವಾಗುತ್ತದೆ. ಆದ್ದರಿಂದ ಕರಾವಳಿಯಲ್ಲಿ ನೈಟ್ರಿಕ್ ಆಮ್ಲ ಹೆಚ್ಚಾಗಿ ಸಮುದ್ರದ ಉಪ್ಪಿನ ಮೇಲೆ ಕುಳಿತು, ಅದರ ಕ್ಲೋರಿನ್ ಅಂಶವನ್ನು ಹೊರಗಟ್ಟಿ ಸೋಡಿಯಂ ನೈಟ್ರೇಟ್ ಆಗುತ್ತದೆ. ಹಡಗಿನ ಎಣ್ಣೆಯ ಗಂಧಕದ ಮಿತಿಯನ್ನು 2020ರ ಜನವರಿ 1ರಿಂದ ಶೇಕಡಾ 3.5ರಿಂದ 0.5ಕ್ಕೆ ಇಳಿಸಿದ್ದು ಒಳ್ಳೆಯ ಕೆಲಸ.

ಅಮೋನಿಯಾ ಎಲ್ಲಿಯದು? ಬಹುಪಾಲು ದನದ ಕೊಟ್ಟಿಗೆ ಮತ್ತು ಯೂರಿಯಾ ಹಾಕಿದ ಹೊಲಗಳದು. ರಾತ್ರಿಯ ನೆಲಗಾಳಿ ಅದನ್ನು ಕಡಲ ಕಡೆಗೆ ಒಯ್ಯುತ್ತದೆ, ದಾರಿಯಲ್ಲಿ ನಗರವಿದೆ. ರೈತನನ್ನು ದೂರುವುದು ನಮ್ಮ ಉದ್ದೇಶವಲ್ಲ. ಆಮ್ಲವಿಲ್ಲದೆ ಅಮೋನಿಯಾ ಇಂತಹ ಧೂಳಾಗದು. ಆದರೆ ಹಾರಿಹೋದದ್ದು ಅವನದೇ ದುಡ್ಡು. 45 ಕಿಲೋಗ್ರಾಂ ಯೂರಿಯಾ ಚೀಲದಲ್ಲಿ 20 ಕಿಲೋಗ್ರಾಮಿಗೂ ಹೆಚ್ಚು ಸಾರಜನಕವಿರುತ್ತದೆ.

ನೀರು ನಿಂತ ಗದ್ದೆಯಲ್ಲಿ ಬಿಸಿಲೇರಿದಂತೆ ಪಾಚಿಯು ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ನೀರಿನ ಕ್ಷಾರತೆ ಏರುತ್ತದೆ. ಆಗ ಮೇಲೆ ಎರಚಿದ ಯೂರಿಯಾದ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ. ನೀರನ್ನು ಬಸಿದು, ಗೊಬ್ಬರ ಹಾಕಿ, ಕೆಸರಿನಲ್ಲಿ ಬೆರೆಸಿ, ಒಂದೆರಡು ದಿನದ ನಂತರ ನೀರು ಕಟ್ಟಿರಿ. ಒಣ ಬೇಸಾಯದಲ್ಲಿ ಎಡೆಕುಂಟೆ ಹೊಡೆದು ಮಣ್ಣಿನಲ್ಲಿ ಮುಚ್ಚಿರಿ. ಬೇವು ಲೇಪಿಸಿದ ಯೂರಿಯಾ ಎಂದು ನಿಶ್ಚಿಂತರಾಗಬೇಡಿ. ಬೇವು ಅಮೋನಿಯಂ ನೈಟ್ರೇಟ್ ಆಗಿ ಮಾರ್ಪಡುವುದನ್ನು ನಿಧಾನಿಸುತ್ತದೆಯೇ ಹೊರತು ಅಮೋನಿಯಾ ಹಾರುವುದನ್ನು ತಡೆಯದು.

ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಅಡರುವ ಘಾಟು ಅಮೋನಿಯಾದ್ದೇ. ಗಂಜಲ ಹೀರುವಂತೆ ಒಣಸೊಪ್ಪು ಹಾಸಿರಿ. ತಿಪ್ಪೆಗುಂಡಿಯ ಮೇಲೆ ಆಗಾಗ ಒಂದು ಪದರ ಮಣ್ಣು ಹರಡಿರಿ.